ನೋಟ ಪರರಿಚ್ಛೆ

“ಊಟ ತನ್ನಿಚ್ಛೆ, ನೋಟ ಪರರಿಚ್ಛೆ” ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಉಣ್ಣುವಾಗ ನಿನ್ನ ನಾಲಗೆಯ ಮಾತನ್ನು ಕೇಳು, ಉಡುವಾಗ ನೋಡುವವರ ಕಣ್ಣನ್ನು ನೆನೆ ಎಂಬುದು ಅದರ ತಾತ್ಪರ್ಯ. ಇಂದಿನವರಾದ ನಮಗೆ ಈ ಗಾದೆಯ ಪೂರ್ವಾರ್ಧ ಹಿಡಿಸುವಷ್ಟು ಉತ್ತರಾರ್ಧ ಹಿಡಿಸುವುದಿಲ್ಲ. ನನ್ನ ಅಂಗಿಯ ಬಣ್ಣ ನನ್ನ ಇಷ್ಟ. ಅದನ್ನು ನಿರ್ಧರಿಸಲು ನೆರೆಮನೆಯವರು ಯಾರು ಎಂದು ಕೇಳುತ್ತೇವೆ. ಅಂಗಿಯ ಮಟ್ಟಿಗೆ ಈ ಪ್ರಶ್ನೆ ನ್ಯಾಯವಾದದ್ದೇ. ಆದರೆ ಅಂಗಡಿಯ ಬೋರ್ಡು, ಮಾತ್ರೆಯ ಪಟ್ಟಿಯ ಮೇಲಿನ ಅಕ್ಷರ, ರೈಲಿನ ಸಿಗ್ನಲ್ಲು, ದೋಣಿಯ ದೀಪ, ರಂಗಸ್ಥಳದ ವೇಷ, ಇವುಗಳ ಬಣ್ಣ ಯಾರ ಇಷ್ಟ? ಇಲ್ಲೆಲ್ಲ ಬಣ್ಣವನ್ನು ಆರಿಸುವವನು ಒಬ್ಬ, ಅದನ್ನು ಕಂಡು ನಡೆಯಬೇಕಾದವನು ಮತ್ತೊಬ್ಬ. ಆರಿಸುವವನು ತನ್ನ ಕಣ್ಣಿನಿಂದ ಆರಿಸುತ್ತಾನೆ. ನೋಡುವವನಿಗೆ ಇರುವುದು ಅವನದೇ ಕಣ್ಣು. ಹಾಗಾದರೆ ಮೊದಲನೆಯವನಿಗೆ ಎರಡನೆಯವನ ಕಣ್ಣಿನ ವಿಷಯದಲ್ಲಿ ಏನಾದರೂ ಕರ್ತವ್ಯವುಂಟೆ? ಇದು ಅಲಂಕಾರದ ಪ್ರಶ್ನೆಯಂತೆ ತೋರಿದರೂ ನಿಜವಾಗಿ ನೀತಿಯ ಪ್ರಶ್ನೆ ಎಂದು ನನ್ನ ಭಾವನೆ.

ಭಟ್ಕಳದಿಂದ ಹೊನ್ನಾವರವನ್ನು ಹಾದು ಕುಮಟೆಗೆ ಹೋಗುವ ಹೆದ್ದಾರಿಯಲ್ಲಿ ಪ್ರಯಾಣ ಮಾಡಿದವರಿಗೆ ಈ ಪ್ರಶ್ನೆಗೆ ಬೇಕಾದ ಉದಾಹರಣೆಗಳು ದಾರಿಯ ಬದಿಯಲ್ಲಿಯೇ ದೊರೆಯುತ್ತವೆ. ಒಂದು ಕಡೆ ಘಟ್ಟದ ಹಸಿರು, ಇನ್ನೊಂದು ಕಡೆ ಕಡಲಿನ ನೀಲಿ, ನಡುವೆ ಕಡಿದು ತೆಗೆದ ಚಿರೇಕಲ್ಲಿನ ಕೆಂಪು. ಬೇಸಗೆಯಲ್ಲಿ ಗೇರುಮರದ ಎಲೆಗಳ ನಡುವೆ ಕೆಂಪು, ಹಳದಿ ಹಣ್ಣು. ಕುಮಟೆ ಸಮೀಪದ ಅಳ್ವೆಕೋಡಿಯಲ್ಲಿ ರಸ್ತೆಯ ಪಕ್ಕಕ್ಕೆ ಜಡೆ ಹೆಣೆದು ತೂಗುಹಾಕಿದ ಸಿಹಿ ಈರುಳ್ಳಿಯ ಗೊಂಚಲು. ಬಸ್ಸು ಎಷ್ಟೇ ವೇಗವಾಗಿ ಓಡಲಿ, ಇವು ಕಣ್ಣಿಗೆ ಬೀಳದೆ ಹೋಗುವುದಿಲ್ಲ. ಅದೇ ದಾರಿಯಲ್ಲಿ ಆಳೆತ್ತರದ ಅಕ್ಷರ ಬರೆಸಿದ ಬೋರ್ಡುಗಳೂ ಉಂಟು. ಹಸಿರಿನ ಮೇಲೆ ಕೆಂಪು, ಕಪ್ಪಿನ ಮೇಲೆ ಕಡುನೀಲಿ, ಬಿಳಿಯ ಮೇಲೆ ಹಳದಿ. ಹಣ ಸುರಿದು ಬರೆಸಿದ ಇವುಗಳಲ್ಲಿ ಎಷ್ಟೋ, ಓದಿ ಮುಗಿಸುವ ಮೊದಲೇ ಹಿಂದೆ ಸರಿದುಹೋಗುತ್ತವೆ. ಅಂಗೈಯಗಲದ ಗೇರುಹಣ್ಣು ಕಂಡಿತು, ಆಳೆತ್ತರದ ಅಕ್ಷರ ಕಾಣಲಿಲ್ಲ! ಎರಡಕ್ಕೂ ಕಾರಣ ನಮ್ಮ ಕಣ್ಣಿನ ರಚನೆಯಲ್ಲಿಯೇ ಇದೆ.

ಕಣ್ಣಿನ ಹಿಂಬದಿಯ ಅಕ್ಷಿಪಟದಲ್ಲಿ ಬೆಳಕನ್ನು ಹಿಡಿಯುವ ಎರಡು ಬಗೆಯ ಕೋಶಗಳಿವೆ. ದಂಡದಂತಿರುವವು ಮಬ್ಬು ಬೆಳಕಿನಲ್ಲಿ ಕೆಲಸ ಮಾಡತಕ್ಕವು. ಅವುಗಳ ನೆರವಿನಿಂದ ನಾವು ಕತ್ತಲೆಯಲ್ಲಿ ಎಡವದೆ ನಡೆಯುತ್ತೇವೆ, ಆದರೆ ಅವು ಬಣ್ಣವನ್ನು ಹೇಳಲಾರವು. ಶಂಕುವಿನಂತಿರುವ ಸುಮಾರು 60 ಲಕ್ಷ ಕೋಶಗಳು ಹಗಲಿನವು. ಬಣ್ಣದ ಅರಿವು ಇವುಗಳಿಂದ. ಈ ಶಂಕುಕೋಶಗಳಲ್ಲಿ ಮೂರೇ ಜಾತಿ. ಲೋಕದ ಸಾವಿರಾರು ಬಣ್ಣಗಳನ್ನು ಕೇವಲ ಮೂರು ಗ್ರಾಹಕಗಳಿಂದ ತಿಳಿಯಬಹುದೆಂದು ಇಂಗ್ಲೆಂಡಿನ ಥಾಮಸ್ ಯಂಗ್ 1802ರಷ್ಟು ಹಿಂದೆಯೇ ಊಹಿಸಿದ್ದ. ಮೂರರಲ್ಲಿ ಒಂದು ಜಾತಿ ನೀಲಿಯ ಕಡೆಗೆ ಒಲಿದದ್ದು. ಉಳಿದೆರಡು ಹಸಿರಿಗೂ ಕೆಂಪಿಗೂ ಸಂಬಂಧಪಟ್ಟವು, ಒಂದಕ್ಕೊಂದು ಬಹು ಹತ್ತಿರದವು. ದನ, ನಾಯಿ ಮೊದಲಾದ ಪ್ರಾಣಿಗಳಿಗೆ ಎರಡೇ ಜಾತಿ. ವಾನರ ಕುಲದ ನಮ್ಮ ಪೂರ್ವಿಕರಲ್ಲಿ ಒಂದು ಜಾತಿ ಎರಡಾಗಿ ಕವಲೊಡೆದದ್ದು ಹಸಿರೆಲೆಗಳ ನಡುವೆ ಮಾಗಿದ ಹಣ್ಣನ್ನೂ ಎಳೆಯ ತಳಿರನ್ನೂ ಗುರುತಿಸುವ ಅನುಕೂಲಕ್ಕಾಗಿ ಎಂಬುದು ವಿಜ್ಞಾನಿಗಳು ಹೆಚ್ಚಾಗಿ ಮುಂದಿಡುವ ವಿವರಣೆ. ಗೇರುಹಣ್ಣು ಬಸ್ಸಿನಿಂದ ಕಾಣುವುದು ಇಂಥ ಹಳೆಯ ಪಿತ್ರಾರ್ಜಿತದ ಫಲ.

ಆದರೆ ಅಕ್ಷರವನ್ನು ಓದುವುದು ಹಣ್ಣನ್ನು ಹುಡುಕಿದಂತಲ್ಲ. ಗೆರೆಯ ಅಂಚು, ಕೊಂಬು, ಒತ್ತು, ಸೊನ್ನೆ, ಇಂಥ ಸೂಕ್ಷ್ಮಗಳನ್ನು ಕಣ್ಣು ಮುಖ್ಯವಾಗಿ ತಿಳಿದುಕೊಳ್ಳುವುದು ಬೆಳಕು-ಕತ್ತಲೆಗಳ ವ್ಯತ್ಯಾಸದಿಂದ. ಕೆಂಪೂ ಹಸಿರೂ ಎಷ್ಟೇ ವಿರೋಧಿಗಳಾಗಿದ್ದರೂ ಎರಡರ ಹೊಳಪು ಒಂದೇ ಆಗಿದ್ದರೆ ಅಕ್ಷರದ ಅಂಚು ನಡುಗಿದಂತೆ ತೋರಿ ಓದು ಕುಂಟುತ್ತದೆ. ನೀಲಿಯ ಕೋಶಗಳು ಸಂಖ್ಯೆಯಲ್ಲಿ ತೀರ ಕಡಿಮೆ; ನಾವು ದಿಟ್ಟಿಸಿ ನೋಡುವಾಗ ಬಳಸುವ ಅಕ್ಷಿಪಟದ ನಟ್ಟನಡುವೆ ಅವು ಇಲ್ಲವೆಂದೇ ಹೇಳಬೇಕು. ಆದ್ದರಿಂದ ಕಪ್ಪಿನ ಮೇಲೆ ಸಣ್ಣ ನೀಲಿ ಅಕ್ಷರ ಬರೆಸಿದವನು ಬರೆಸಿಯೂ ಬರೆಸದವನೇ. ಇದರಲ್ಲಿ ಅಭಿರುಚಿಯ ಮಾತಿಲ್ಲ, ಚರ್ಚೆಗೂ ಎಡೆಯಿಲ್ಲ. ಕಂಪ್ಯೂಟರಿನ ಪರದೆಯ ಬರೆಹಕ್ಕೆ ಈಗ ಲೋಕವೆಲ್ಲ ಒಪ್ಪಿರುವ ಸೂತ್ರವೊಂದಿದೆ: ಸಾಮಾನ್ಯ ಗಾತ್ರದ ಅಕ್ಷರಕ್ಕೂ ಅದರ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5ಕ್ಕೆ 1ರ ಅಂತರವಿರಬೇಕು. ಬಣ್ಣ ಯಾವುದಾದರೂ ಆಗಲಿ, ಈ ಅಂತರ ಮಾತ್ರ ತಪ್ಪಕೂಡದು.

ಇಷ್ಟರ ಮಟ್ಟಿಗೆ ಶಾಸ್ತ್ರದ ಸಂಗತಿಯಾಯಿತು. ತತ್ತ್ವದ ತೊಡಕು ಇನ್ನು ಮುಂದಿದೆ. ಬಣ್ಣ ವಸ್ತುವಿನಲ್ಲಿದೆಯೋ ಕಣ್ಣಿನಲ್ಲಿದೆಯೋ? ನಮ್ಮ ನೈಯಾಯಿಕರು ರೂಪವನ್ನು ದ್ರವ್ಯದ ಗುಣವೆಂದು ಎಣಿಸಿದರು. ಬಿಳಿ, ನೀಲಿ, ಹಳದಿ, ಕೆಂಪು, ಹಸಿರು, ಕಪಿಶ, ಚಿತ್ರ ಎಂದು ಅದರಲ್ಲಿ ಏಳು ಬಗೆ ಹೇಳಿದರು. ಹಾಗಿದ್ದರೆ ಕಾಮಾಲೆಯವನಿಗೆ ಬಿಳಿಯ ಶಂಖ ಹಳದಿಯಾಗಿ ಕಾಣುವುದೇಕೆ? ಈ ಹಳದಿ ಶಂಖ ನಮ್ಮ ತರ್ಕಗ್ರಂಥಗಳಲ್ಲಿ ಮತ್ತೆಮತ್ತೆ ಬರುವ ಭ್ರಮೆಯ ಉದಾಹರಣೆ. ದೋಷ ಕಣ್ಣಿನದು, ಶಂಖ ಬಿಳಿಯೇ ಎಂಬುದು ಅವರ ತೀರ್ಪು. ಅತ್ತ 1690ರಲ್ಲಿ ಇಂಗ್ಲೆಂಡಿನ ಜಾನ್ ಲಾಕ್ ಇನ್ನೊಂದು ಗಂಟು ಹಾಕಿದ: ಒಬ್ಬನಿಗೆ ಗೊಂಡೆ ಹೂವು ಕಾಣುವ ಬಗೆಯಲ್ಲಿಯೇ ಮತ್ತೊಬ್ಬನಿಗೆ ನೇರಳೆ ಹೂವು ಕಾಣುತ್ತಿದ್ದರೆ? ಇಬ್ಬರೂ ಗೊಂಡೆಯನ್ನು ಗೊಂಡೆಯ ಬಣ್ಣದ್ದೆಂದೇ ಕರೆಯುವುದರಿಂದ ಈ ವ್ಯತ್ಯಾಸ ಜನ್ಮವಿಡೀ ಬಯಲಿಗೆ ಬಾರದೆ ಹೋದೀತು. ಮಾತು ಒಂದೇ, ನೋಟ ಬೇರೆ. ಇನ್ನೊಬ್ಬನ ಕೆಂಪನ್ನು ಕಂಡವರು ಈ ಲೋಕದಲ್ಲಿ ಯಾರೂ ಇಲ್ಲ.

ತಾರ್ಕಿಕರಿಗೆ ಬೇಕಾದದ್ದು ಯಾರ ನೋಟ ಸರಿ ಎಂಬ ನಿರ್ಣಯ. ಬಣ್ಣ ಆರಿಸುವವನಿಗೆ ಆ ನಿರ್ಣಯದಿಂದ ಹೆಚ್ಚಿನ ಉಪಯೋಗವಿಲ್ಲ. ಹಳದಿ ಶಂಖವನ್ನು ಕಾಣುವವನಿಗೂ ಔಷಧದ ಹೆಸರನ್ನು ಓದಬೇಕಾಗುತ್ತದೆ. ನಿನ್ನ ಕಣ್ಣು ಭ್ರಾಂತ ಎಂದು ಹೇಳಿ ಅವನನ್ನು ಕಳಿಸಿಬಿಡುವಂತಿಲ್ಲ. ತನ್ನ ಕಣ್ಣನ್ನೇ ಪ್ರಮಾಣವಾಗಿ ಹಿಡಿಯುವುದರಲ್ಲಿ ದೊಡ್ಡವರಿಗೂ ಅಪಾಯ ತಪ್ಪಿದ್ದಲ್ಲ. ಬೆಂಗಳೂರಿನಲ್ಲಿ ನೆಲೆಸಿದ ಸಿ. ವಿ. ರಾಮನ್ನರು ತಮ್ಮ ಇಳಿವಯಸ್ಸಿನ ವರ್ಷಗಳನ್ನು ಹೂವಿನ ಬಣ್ಣಗಳ ಮತ್ತು ದೃಷ್ಟಿಯ ಅಧ್ಯಯನಕ್ಕೆ ಕೊಟ್ಟು, 1968ರಲ್ಲಿ ದೃಷ್ಟಿಯ ಶರೀರಶಾಸ್ತ್ರವನ್ನು ಕುರಿತು ಗ್ರಂಥವನ್ನೇ ಪ್ರಕಟಿಸಿದರು. ಸೂಕ್ಷ್ಮವಾಗಿ ನೋಡುವ ಕಣ್ಣು ಅವರಿಗಿದ್ದಂತೆ ಎಷ್ಟು ಜನಕ್ಕೆ ಇದ್ದೀತು? ಆದರೂ ಮೂರು ಗ್ರಾಹಕಗಳ ಸಿದ್ಧಾಂತವನ್ನು ಅವರು ಒಪ್ಪಲಿಲ್ಲ. ಪ್ರಯೋಗಗಳು ಆ ಸಿದ್ಧಾಂತದ ಪಕ್ಷದಲ್ಲಿಯೇ ನಿಂತವು.

ಪರರ ಕಣ್ಣನ್ನು ನೆನೆದು ಬಣ್ಣ ಆರಿಸುವ ವಿದ್ಯೆಯನ್ನು ಗ್ರಂಥದ ನೆರವಿಲ್ಲದೆ ಕಲಿತವರು ಯಾರಾದರೂ ಉಂಟೇ ಎಂದರೆ, ಇದೇ ಕರಾವಳಿಯ ಯಕ್ಷಗಾನದ ವೇಷಧಾರಿಗಳನ್ನು ತೋರಿಸಬೇಕು. ಬಡಗುತಿಟ್ಟು ಬೆಳೆದ ನೆಲಗಳಲ್ಲಿ ಈ ತಾಲೂಕುಗಳೂ ಸೇರಿವೆ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯನ್ನು ಕಟ್ಟಿದ್ದು ಹೊನ್ನಾವರ ತಾಲೂಕಿನಲ್ಲಿ. 2012ರಲ್ಲಿ ಪದ್ಮಶ್ರೀ ಪಡೆದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರೂ ಇದೇ ತಾಲೂಕಿನವರು. ವಿದ್ಯುತ್ತು ಬರುವ ಮೊದಲು ಗದ್ದೆಯ ಬಯಲಿನಲ್ಲಿ ಆಟ ನಡೆಯುತ್ತಿದ್ದುದು ಎಣ್ಣೆಯಲ್ಲಿ ಅದ್ದಿದ ದೊಂದಿ, ಹಿಲಾಲುಗಳ ಬೆಳಕಿನಲ್ಲಿ. ಜ್ವಾಲೆಯ ಬೆಳಕಿನಲ್ಲಿ ನೀಲಿಯ ಅಂಶ ಬಹಳ ಕಡಿಮೆ. ಅದರ ಮುಂದೆ ನೀಲಿ, ನೇರಳೆಗಳು ಕಪ್ಪಿಗೆ ಇಳಿದುಬಿಡುತ್ತವೆ. ಕೆಂಪು, ಹಳದಿ, ಹೊನ್ನಿನ ಬಣ್ಣಗಳು ಹೊತ್ತಿಕೊಂಡಂತೆ ಬೆಳಗುತ್ತವೆ. ಚೌಕಿಯ ಪೆಟ್ಟಿಗೆಯಲ್ಲಿ ಇದ್ದದ್ದೇನು? ಇಂಗಳೀಕದ ಕೆಂಪು, ಅರದಾಳದ ಹಳದಿ, ಸಫೇತಿನ ಬಿಳಿ, ಕಾಡಿಗೆಯ ಕಪ್ಪು. ಚೌಕುಳಿಯ ಕಸೆ ಸೀರೆ. ಹಗುರ ಮರದ ಮೇಲೆ ಬೇಗಡೆ ಹಚ್ಚಿ ಕನ್ನಡಿಯ ಚೂರು ಕೂಡಿಸಿದ ಆಭರಣ. ಇವೆಲ್ಲವೂ ದೊಂದಿಗೆ ಒಪ್ಪುವಂಥವು. ಸಿಕ್ಕಿದ ಬಣ್ಣಗಳೇ ಅವಾಗಿದ್ದವು ಎನ್ನಬಹುದು; ಆದರೆ ಸಿಕ್ಕಿದ್ದರಲ್ಲಿ ಯಾವುದನ್ನು ಎಲ್ಲಿ ಇಡಬೇಕೆಂಬುದನ್ನು ಬೆಳಕೂ ನೋಡುವವನ ದೂರವೂ ತಲೆಮಾರುಗಳ ಕಾಲ ತಿದ್ದಿದವು.

ಇದಕ್ಕಿಂತ ಮುಖ್ಯವಾದ ಮಾತು ಇನ್ನೊಂದುಂಟು. ರಾಕ್ಷಸನ ವೇಷವನ್ನು ಗುರುತಿಸಲು ಆ ಕಲೆ ಬಣ್ಣವೊಂದನ್ನೇ ನೆಚ್ಚಲಿಲ್ಲ. ಕಪ್ಪು ಕೆಂಪುಗಳ ಮೇಲೆ ಸಾಲಾಗಿ ಇಟ್ಟ ಬಿಳಿಯ ಚಿಟ್ಟೆಗಳು ದೂರಕ್ಕೂ ಹೊಳೆಯುತ್ತವೆ. ಕಿರೀಟದ ಅಗಲವೇ ಬೇರೆ. ತೆರೆಯ ಮರೆಯಿಂದ ಬರುವ ಅಬ್ಬರವೇ ಬೇರೆ. ಕುಣಿತ ಬೇರೆ, ಚಂಡೆಯ ಪೆಟ್ಟು ಬೇರೆ. ಕಣ್ಣು ಮಂಜಾದ ಮುದುಕನೂ, ಕೊನೆಯ ಸಾಲಿನಲ್ಲಿ ತೂಕಡಿಸುತ್ತಿರುವ ಹುಡುಗನೂ, ಕೆಂಪು-ಹಸಿರುಗಳ ಭೇದವೇ ತಿಳಿಯದವನೂ ಬಂದವನು ರಾಕ್ಷಸನೆಂದು ಒಂದೇ ಕ್ಷಣದಲ್ಲಿ ಅರಿಯುತ್ತಾನೆ. ಒಂದೇ ಅರ್ಥವನ್ನು ನಾಲ್ಕು ದಾರಿಯಲ್ಲಿ ಕಳಿಸಿದರೆ ಯಾವುದಾದರೊಂದು ದಾರಿಯಲ್ಲಿ ಅದು ತಲುಪೀತು. ಈ ಔದಾರ್ಯವನ್ನು ಇಂದಿನ ಫಲಕಗಳಲ್ಲಿ ಕಾಣುವುದು ಅಪರೂಪ.

ಗ್ಯಾಸ್‌ಲೈಟು ಬಂತು, ವಿದ್ಯುತ್ತು ಬಂತು, ಈಗ ಎಲ್‌ಇಡಿ ಬಂದಿದೆ. ತಣ್ಣನೆಯ ಬಿಳಿ ಎಲ್‌ಇಡಿಯಲ್ಲಿ ನೀಲಿಯ ಅಂಶ ಹೆಚ್ಚು, ಕೆಂಪಿನದು ಕಡಿಮೆ. ದೊಂದಿಯ ಮುಂದೆ ಜೀವ ತುಂಬಿಕೊಂಡಿದ್ದ ಮುಖವರ್ಣ ಅದರ ಮುಂದೆ ಬಿಳಿಚಿಕೊಳ್ಳುತ್ತದೆ, ಬೇಗಡೆಯ ಹೊನ್ನು ತಗಡಾಗುತ್ತದೆ. “ಯಕ್ಷಗಾನ ಬಯಲಾಟ” ಗ್ರಂಥಕ್ಕೆ 1959ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಶಿವರಾಮ ಕಾರಂತರು ವೇಷಭೂಷಣಗಳ ಬಣ್ಣ, ಆಕಾರಗಳು ಕೆಡುತ್ತಿರುವುದನ್ನು ಕಂಡು ಕಳವಳಪಟ್ಟವರು. ಸಂಪ್ರದಾಯಕ್ಕೆ ನಿಷ್ಠರಾಗಿರಬೇಕೆಂದು ಎಲ್ಲರೂ ಹೇಳುತ್ತಾರೆ. ಆದರೆ ನಿಷ್ಠೆ ಯಾವುದಕ್ಕೆ? ಅದೇ ಇಂಗಳೀಕವನ್ನು ಅದೇ ಪ್ರಮಾಣದಲ್ಲಿ ಬಳಿದು ಬೇರೆ ಬೆಳಕಿನಲ್ಲಿ ನಿಂತರೆ ಬಣ್ಣ ಉಳಿಯಿತು, ನೋಟ ಹೋಯಿತು. ಅಜ್ಜ ಕಂಡ ಕೆಂಪನ್ನು ಮೊಮ್ಮಗನೂ ಕಾಣಬೇಕಾದರೆ ಬಣ್ಣವನ್ನಾದರೂ ಬದಲಾಯಿಸಬೇಕು, ದೀಪವನ್ನಾದರೂ ಬದಲಾಯಿಸಬೇಕು. ಬೆಚ್ಚನೆಯ ಹಳದಿ ಛಾಯೆಯ ದೀಪ ತೂಗುಹಾಕುವುದಕ್ಕೆ ಹೆಚ್ಚಿನ ಖರ್ಚೇನೂ ಇಲ್ಲ. ಈಚೆಗೆ ಅಲ್ಲಲ್ಲಿ ನಡೆಯುವ ದೊಂದಿ ಬೆಳಕಿನ ಪ್ರದರ್ಶನಗಳನ್ನು ಹಳೆಯ ಕಾಲದ ಹಂಬಲವೆಂದು ಹಗುರವಾಗಿ ಕಾಣಬೇಕಾಗಿಲ್ಲ; ವೇಷ ಯಾವ ಕಣ್ಣಿಗಾಗಿ ಹುಟ್ಟಿತೆಂಬುದನ್ನು ಅವು ತೋರಿಸಿಕೊಡುತ್ತವೆ.

ಬೆಳಕಿನಂತೆ ನೆರೆಯೂ ಬಣ್ಣವನ್ನು ಬದಲಾಯಿಸುತ್ತದೆ. ಪ್ಯಾರಿಸಿನ ಗೊಬೆಲಿನ್ ನೇಯ್ಗೆಯ ಕಾರ್ಖಾನೆಯಲ್ಲಿ ಬಣ್ಣಗಾರಿಕೆಯ ಮೇಲ್ವಿಚಾರಕನಾಗಿದ್ದ ಶೆವ್ರೆಲ್ ಎಂಬ ರಸಾಯನಶಾಸ್ತ್ರಜ್ಞನಿಗೆ ಕಪ್ಪು ನೂಲಿಗೆ ಕಸುವಿಲ್ಲವೆಂಬ ದೂರು ಬಂತು. ಪರೀಕ್ಷಿಸಿದರೆ ನೂಲಿನಲ್ಲಿ ದೋಷವಿಲ್ಲ. ಪಕ್ಕದಲ್ಲಿ ನೇಯ್ದ ನೀಲಿ, ನೇರಳೆಗಳು ಅದನ್ನು ಮಂಕಾಗಿಸಿದ್ದವು. 1839ರಲ್ಲಿ ಅವನು ಈ ನಿಯಮವನ್ನು ಕುರಿತು ದೊಡ್ಡ ಗ್ರಂಥವನ್ನೇ ಬರೆದ. ನಮ್ಮ ಹೆಂಗಸರಿಗೆ ಇದು ಹೊಸ ವಿಷಯವಲ್ಲ. ಸೀರೆಗೆ ಒಪ್ಪುವ ಕುಪ್ಪಸದ ತುಂಡನ್ನು ಅಂಗಡಿಯ ದೀಪದ ಕೆಳಗೆ ಆರಿಸದೆ, ಬಾಗಿಲಿಗೆ ತಂದು ಬಿಸಿಲಿಗೆ ಹಿಡಿದು ನೋಡುವ ತಾಯಂದಿರನ್ನು ಭಟ್ಕಳದ ಪೇಟೆಯಲ್ಲಾಗಲಿ ಕುಮಟೆಯ ಪೇಟೆಯಲ್ಲಾಗಲಿ ಯಾರು ನೋಡಿಲ್ಲ? ಒಳಗೆ ಒಂದೇ ಎನಿಸಿದ ಎರಡು ಬಣ್ಣ ಹೊರಗೆ ಬೇರೆಯಾಗುತ್ತವೆ ಎಂಬುದನ್ನು ಅವರು ಬಲ್ಲರು. ಅಂಗಡಿಯವನಿಗೆ ಬೇಸರವಾದರೂ ಆಗಲಿ, ಈ ಪರೀಕ್ಷೆಯಲ್ಲಿ ಒಂದು ವಿವೇಕವಿದೆ: ಬಣ್ಣ ಎಲ್ಲಿ ಬದುಕಬೇಕೋ ಅಲ್ಲಿ ಅದನ್ನು ನೋಡಬೇಕು.

ಇನ್ನು ಕೆಂಪು-ಹಸಿರುಗಳ ಭೇದ ಕಾಣದವರ ವಿಚಾರ. ಪರಮಾಣುವಾದಕ್ಕೆ ಪ್ರಸಿದ್ಧನಾದ ಜಾನ್ ಡಾಲ್ಟನ್ನನಿಗೆ ತನ್ನ ಕಣ್ಣು ಇತರರಂತಿಲ್ಲವೆಂದು ತಿಳಿದದ್ದು 1792ರಲ್ಲಿ, ಒಂದು ಜೆರೇನಿಯಂ ಹೂವಿನಿಂದ. ಹಗಲಿನಲ್ಲಿ ಅವನಿಗೆ ಆಕಾಶನೀಲಿಯಾಗಿ ಕಂಡ ಹೂವು ಮೇಣದ ಬತ್ತಿಯ ಬೆಳಕಿನಲ್ಲಿ ಕೆಂಪಾಗಿ ಕಂಡಿತು. ಜೊತೆಯವರು ಇಂಥ ಪವಾಡವನ್ನೇನೂ ಕಾಣಲಿಲ್ಲ. 1794ರಲ್ಲಿ ಅವನು ಇದನ್ನು ಕುರಿತು ಪ್ರಬಂಧ ಓದಿದ. ಆಗ ಅವನಿಗೆ ಇಪ್ಪತ್ತೆಂಟು ವರ್ಷ. ಆ ಹೂವನ್ನು ಕಾಣುವವರೆಗೆ ತನ್ನ ಲೋಕವೇ ಎಲ್ಲರ ಲೋಕವೆಂದು ನಂಬಿ ನಡೆದಿದ್ದ! ಕಾಪಾಡಿಟ್ಟಿದ್ದ ಅವನ ಕಣ್ಣಿನ ಅಂಶವನ್ನು 1995ರಲ್ಲಿ ಪರೀಕ್ಷಿಸಿದಾಗ ಹಸಿರಿನ ಕಡೆಯ ಗ್ರಾಹಕವೇ ಅವನಿಗಿರಲಿಲ್ಲವೆಂದು ಗೊತ್ತಾಯಿತು. ಈ ನ್ಯೂನತೆ ಸಾಮಾನ್ಯವಾಗಿ ತಾಯಿಯ ಕಡೆಯಿಂದ ಮಗನಿಗೆ ಬರುತ್ತದೆ. ಯುರೋಪು ಮೂಲದ ಗಂಡಸರಲ್ಲಿ ನೂರಕ್ಕೆ ಸುಮಾರು 8 ಜನರಲ್ಲಿಯೂ ಹೆಂಗಸರಲ್ಲಿ 200ಕ್ಕೆ ಒಬ್ಬರಲ್ಲಿಯೂ ಅದು ಕಂಡುಬರುತ್ತದೆ. ನಮ್ಮಲ್ಲಿ ಪ್ರಮಾಣ ಅದಕ್ಕಿಂತ ಕಡಿಮೆಯಾದರೂ ದೇಶದ ಜನಸಂಖ್ಯೆಯನ್ನು ನೆನೆದರೆ ಅಂಥವರ ಲೆಕ್ಕ ಕೋಟಿ ದಾಟುವುದರಲ್ಲಿ ಸಂಶಯವಿಲ್ಲ. ಇವರಲ್ಲಿ ಅನೇಕರಿಗೆ ಡಾಲ್ಟನ್ನನಂತೆ ತಮ್ಮ ವಿಷಯ ತಮಗೇ ತಿಳಿಯದು.

ಇಂಥವರ ಪಾಲಿಗೆ ನಮ್ಮ ದೇಶದಲ್ಲಿ ಇಪ್ಪತ್ತು ವರ್ಷ ನಡೆದ ಒಂದು ಅನ್ಯಾಯವನ್ನು ಇಲ್ಲಿ ನೆನೆಯಬೇಕು. ತಿನಿಸಿನ ಪೊಟ್ಟಣದ ಮೇಲೆ ಸಸ್ಯಾಹಾರವಾದರೆ ಹಸಿರು ಚುಕ್ಕೆ, ಮಾಂಸಾಹಾರವಾದರೆ ಕಂದು ಚುಕ್ಕೆ ಇರಬೇಕೆಂಬ ನಿಯಮ 2001ರಲ್ಲಿ ಬಂತು. ಎರಡೂ ಚೌಕದೊಳಗಿನ ದುಂಡು ಚುಕ್ಕೆಗಳೇ, ಭೇದವೆಲ್ಲ ಬಣ್ಣದಲ್ಲಿ. ಹಸಿರೂ ಕಂದೂ ಒಂದೇ ಎಂದು ಕಾಣುವವನಿಗೆ ಈ ಗುರುತು ಇದ್ದೂ ಇಲ್ಲದಂತೆ. ಮೀನು ತಿನ್ನುವವರೂ ತಿನ್ನದವರೂ ಒಂದೇ ಪೇಟೆಯಲ್ಲಿ, ಒಂದೇ ಅಂಗಡಿಯಲ್ಲಿ ಕೊಳ್ಳುವ ನಮ್ಮ ಕರಾವಳಿಯಂಥ ಕಡೆ ಇದು ಸಣ್ಣ ಮಾತಲ್ಲ. ತಿನ್ನುವ ತುತ್ತು ಕೆಲವರಿಗೆ ರುಚಿಯ ಪ್ರಶ್ನೆ, ಕೆಲವರಿಗೆ ಅಂತಃಕರಣದ ಪ್ರಶ್ನೆ. ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮಾವಳಿಯಲ್ಲಿ ಕಂದು ಚುಕ್ಕೆಯ ಸ್ಥಾನದಲ್ಲಿ ಕಂದು ತ್ರಿಕೋನ ಬಂತು. ಬಣ್ಣ ಹಾಗೆಯೇ ಉಳಿಯಿತು, ಆಕಾರವೊಂದು ಸೇರಿತು. ಯಾರಿಗೂ ನಷ್ಟವಾಗಲಿಲ್ಲ, ಕೋಟಿ ಜನಕ್ಕೆ ಲಾಭವಾಯಿತು. ತಿದ್ದುವುದು ಇಷ್ಟು ಸುಲಭವಿದ್ದ ತಪ್ಪು ಇಷ್ಟು ಕಾಲ ಉಳಿದದ್ದೇಕೆ? ಕೆಡುಕು ಬಯಸಿದವರು ಯಾರೂ ಇರಲಾರರು. ಬಣ್ಣ ನಿಶ್ಚಯಿಸಿದವರಿಗೆ ಅದು ಸ್ಪಷ್ಟವಾಗಿ ಕಾಣುತ್ತಿತ್ತು. ಸ್ಪಷ್ಟವಾಗಿ ಕಾಣುವವನಿಗೆ ಕಾಣದವನ ನೆನಪು ಬರುವುದು ಕಷ್ಟ. ನೀತಿಯ ತಪ್ಪುಗಳಲ್ಲಿ ಬಹುಪಾಲು ಇಂಥ ಮರೆವಿನ ಮಕ್ಕಳೇ.

ಹಾಗಾದರೆ ಎಲ್ಲ ಹೊರೆಯನ್ನೂ ಫಲಕದ ಮೇಲೆಯೇ ಹೊರಿಸಬಹುದೆ? ಆಗದು ಎಂಬುದಕ್ಕೆ ಕೊಂಕಣ ರೈಲ್ವೆಯೇ ಸಾಕ್ಷಿ. ಭಟ್ಕಳ, ಹೊನ್ನಾವರ, ಕುಮಟೆಗಳ ಮೂಲಕ ಹಾದು 1998ರಲ್ಲಿ ಪೂರ್ಣಗೊಂಡ ಈ ದಾರಿಯಲ್ಲಿ ಮಳೆಗಾಲದ ರಾತ್ರಿ ಎಂಜಿನ್ ನಡೆಸುವವನಿಗೆ ದೂರದ ಒಂದು ದೀಪದ ಬಣ್ಣವೇ ಆಜ್ಞೆ. ಅದನ್ನು ತಪ್ಪಾಗಿ ಓದಿದರೆ ನೂರಾರು ಜೀವಗಳ ಪ್ರಶ್ನೆ. ಆದ್ದರಿಂದ ರೈಲ್ವೆಯವರು ಚಾಲಕರ ಬಣ್ಣದ ದೃಷ್ಟಿಯನ್ನು ಕಟ್ಟುನಿಟ್ಟಾಗಿ ಪರೀಕ್ಷಿಸುತ್ತಾರೆ. ಕಡಲಿನಲ್ಲಿಯೂ ಹಾಗೆಯೇ. ಕಾಸರಕೋಡಿನಿಂದಲೋ ತದಡಿಯಿಂದಲೋ ಕತ್ತಲೆಯಲ್ಲಿ ಹೊರಟ ಮೀನುಗಾರನಿಗೆ ಎದುರಿನ ಹಡಗು ಯಾವ ಕಡೆಗೆ ತಿರುಗಿದೆ ಎಂದು ಹೇಳುವುದು ಅದರ ಎಡಬದಿಯ ಕೆಂಪು, ಬಲಬದಿಯ ಹಸಿರು ದೀಪಗಳು. ಆದರೆ ಊರೊಳಗಿನ ರಸ್ತೆಯ ಸಿಗ್ನಲ್ಲಿನಲ್ಲಿ ಕೆಂಪು ಯಾವಾಗಲೂ ಮೇಲೆ, ಹಸಿರು ಕೆಳಗೆ. ಆ ಹಸಿರಿಗೂ ಬೇಕೆಂದೇ ನೀಲಿಯ ಛಾಯೆ ಕೊಟ್ಟಿರುತ್ತಾರೆ, ಕೆಂಪಿನೊಡನೆ ಗೊಂದಲವಾಗದಿರಲೆಂದು. ಬಣ್ಣ ಕಾಣದವನು ಇಲ್ಲಿ ಸ್ಥಾನವನ್ನು ಓದಿಕೊಳ್ಳಬಲ್ಲ. 2020ರಲ್ಲಿ ಕೇಂದ್ರ ಸರಕಾರ ಸೌಮ್ಯ ಮತ್ತು ಮಧ್ಯಮ ಪ್ರಮಾಣದ ವರ್ಣಾಂಧತೆ ಇರುವವರಿಗೂ ವಾಹನ ಚಾಲನೆಯ ಲೈಸೆನ್ಸು ದೊರೆಯುವಂತೆ ನಿಯಮ ತಿದ್ದಿದ್ದು ನ್ಯಾಯವಾದುದೇ. ಈ ಉದಾಹರಣೆಗಳಿಂದ ಒಂದು ಸೂತ್ರ ಹೊರಡುತ್ತದೆ: ಸಂಕೇತ ಹೊರಬಲ್ಲ ಹೊರೆಯನ್ನು ಮನುಷ್ಯನ ಕಣ್ಣಿನ ಮೇಲೆ ಹೇರಕೂಡದು, ಸಂಕೇತ ಹೊರಲಾರದಾಗ ಮಾತ್ರ ಕಣ್ಣನ್ನು ಪರೀಕ್ಷೆಗೆ ನಿಲ್ಲಿಸಬೇಕು.

ವರ್ಣಾಂಧತೆ ಕೆಲವರ ಪಾಲಿಗೆ ಮಾತ್ರ ಬಂದದ್ದು. ಮುಪ್ಪು ಎಲ್ಲರ ಪಾಲಿಗೂ ಬರತಕ್ಕದ್ದು. ಕಾಮಾಲೆಯವನ ಶಂಖದ ಕಥೆ ಹೇಗಾದರೂ ಇರಲಿ, ವಯಸ್ಸಾದಂತೆ ಕಣ್ಣಿನ ಮಸೂರ ನಿಜವಾಗಿಯೂ ಹಳದಿಯಾಗುತ್ತದೆ. ಒಳಗೆ ಹೋಗುವ ಬೆಳಕು ಕಡಿಮೆಯಾಗುತ್ತದೆ, ಅದರಲ್ಲಿಯೂ ನೀಲಿ ಮೊದಲು ಸೋರಿಹೋಗುತ್ತದೆ. ಕಡುನೀಲಿಯೂ ಕಪ್ಪೂ ಒಂದಾಗುತ್ತವೆ. ಬಿಳಿಯ ಮೇಲಿನ ಹಳದಿ ಮಾಯವಾಗುತ್ತದೆ. ಪೊರೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಎಷ್ಟೋ ಹಿರಿಯರು ಗೋಡೆ ಇಷ್ಟು ಬೆಳ್ಳಗಿತ್ತೇ, ಆಕಾಶ ಇಷ್ಟು ನೀಲಿಯಿತ್ತೇ ಎಂದು ಬೆರಗಾಗುತ್ತಾರೆ. ನಿಧಾನವಾಗಿ ಬಂದ ನಷ್ಟವಾದ್ದರಿಂದ ಅವರಿಗೇ ಅದು ತಿಳಿದಿರುವುದಿಲ್ಲ. ಬೆಳ್ಳಿಯಂತೆ ಮಿನುಗುವ ಹಾಳೆಯ ಮೇಲೆ ತೆಳು ಬಣ್ಣದ ಸಣ್ಣ ಅಕ್ಷರದಲ್ಲಿ ಮಾತ್ರೆಯ ಹೆಸರನ್ನೂ ಅವಧಿ ಮುಗಿಯುವ ತಾರೀಖನ್ನೂ ಮುದ್ರಿಸುವವರು ಆ ಮಾತ್ರೆಯನ್ನು ಹೆಚ್ಚಾಗಿ ನುಂಗುವವರು ಯಾರೆಂಬುದನ್ನು ಒಂದು ಗಳಿಗೆ ಯೋಚಿಸಿದ್ದುಂಟೆ? ಎಪ್ಪತ್ತರ ಕೈಗೆ ಕೊಡುವ ವಸ್ತುವಿನ ಬಣ್ಣವನ್ನು ಇಪ್ಪತ್ತೈದರ ಕಣ್ಣು ಆರಿಸುತ್ತದೆ. ಅಜ್ಜಿ ಪಟ್ಟಿಯನ್ನು ಕಿಟಕಿಗೆ ಹಿಡಿದು, ಓರೆ ಮಾಡಿ, ಕೊನೆಗೆ “ಇದೆಂತ ಬರೆದದ್ದು ನೋಡು ಮಗಾ” ಎಂದು ಮೊಮ್ಮಗನನ್ನು ಕರೆಯುತ್ತಾಳೆ. ಮೊಮ್ಮಗ ಮನೆಯಲ್ಲಿಲ್ಲದ ದಿನ?

ಇಲ್ಲಿ ಕಲಾವಿದರು ಒಂದು ಆಕ್ಷೇಪ ಎತ್ತುವುದು ಸಹಜ. ಎಲ್ಲರ ಕಣ್ಣಿಗೂ ಒಪ್ಪಬೇಕೆಂದು ಹೊರಟರೆ ಬಣ್ಣದ ಸಾಹಸವೇ ಸತ್ತುಹೋದೀತು. ಲೋಕವೆಲ್ಲ ಕಪ್ಪು-ಬಿಳುಪಿನ ಸರಕಾರಿ ನೋಟೀಸಾದೀತು ಎಂದು. ಆಕ್ಷೇಪದಲ್ಲಿ ಸತ್ಯವಿದೆ. ಚಿತ್ರಕಾರ ತನಗೆ ಕಂಡ ಲೋಕವನ್ನು ನಮಗೆ ತೋರಿಸಬೇಕಾದವನು. ನಮ್ಮ ಕಣ್ಣಿನ ಅಳತೆಗೆ ಅವನು ಕುಗ್ಗಬೇಕಾದ್ದಿಲ್ಲ. ಅರ್ಥವಾಗದ ಚಿತ್ರದಿಂದ ಯಾರೂ ದಾರಿ ತಪ್ಪುವುದಿಲ್ಲ, ಅರ್ಥವಾಗದ ಫಲಕದಿಂದ ತಪ್ಪುತ್ತಾರೆ. ಇದೇ ಸ್ವಾತಂತ್ರ್ಯ ಬೇರೆ ಬಗೆಯ ಕಣ್ಣುಳ್ಳವನಿಗೂ ಸಲ್ಲಬೇಕಲ್ಲವೆ? ಬಣ್ಣಗಳ ಭೇದ ತಿಳಿಯದವರಿಗೆ ಪುಣೆಯ ಫಿಲ್ಮ್ ಸಂಸ್ಥೆಯ ಕೆಲವು ತರಗತಿಗಳಿಗೆ ಪ್ರವೇಶವಿರಲಿಲ್ಲ. 2022ರಲ್ಲಿ ಸುಪ್ರೀಂ ಕೋರ್ಟು ಎಲ್ಲ ತರಗತಿಗಳನ್ನೂ ಅವರಿಗೆ ತೆರೆಯಬೇಕೆಂದು ಹೇಳಿತು. ಸಿನಿಮಾ ಹಲವರು ಕೂಡಿ ಮಾಡುವ ಕಲೆ. ಒಬ್ಬನ ಕೊರತೆಯನ್ನು ಇನ್ನೊಬ್ಬನ ನೆರವು ತುಂಬಬಲ್ಲದು. ಸೂಚನೆಯಲ್ಲಿ ಔದಾರ್ಯ, ಸೃಷ್ಟಿಯಲ್ಲಿ ಸ್ವಾತಂತ್ರ್ಯ: ಇವೆರಡಕ್ಕೂ ಜಗಳವಿಲ್ಲ. ಯಕ್ಷಗಾನದ ರಾಕ್ಷಸ ಎಷ್ಟು ಸಾಹಸದ ಸೃಷ್ಟಿ! ಆದರೂ ಕೊನೆಯ ಸಾಲಿನವನನ್ನು ಅವನು ಕೈಬಿಡಲಿಲ್ಲ.

ಇನ್ನೊಬ್ಬನ ಕಣ್ಣನ್ನು ಎರವಲು ಪಡೆಯಲು ಸಾಧ್ಯವಿಲ್ಲ ನಿಜ. ಆದರೆ ಅವನನ್ನು ಕೇಳಲು ಸಾಧ್ಯವುಂಟು. ಬೋರ್ಡು ಬರೆಸುವವನು ನಕಲನ್ನು ಕಪ್ಪು-ಬಿಳುಪಿನಲ್ಲಿ ಒಮ್ಮೆ ತೆಗೆಸಿ ನೋಡಲಿ. ಅಕ್ಷರ ಅಲ್ಲಿಯೂ ಎದ್ದು ಕಂಡರೆ ಬಣ್ಣ ಯಾವುದಿದ್ದರೂ ಚಿಂತೆಯಿಲ್ಲ. ರಸ್ತೆಯ ಆಚೆ ಬದಿಗೆ ಹೋಗಿ, ಮುಸ್ಸಂಜೆಯ ಮಬ್ಬಿನಲ್ಲಿ ನಿಂತು ನೋಡಲಿ. ಕೆಂಪನ್ನು ಕೆಂಪೆಂಬ ಕಾರಣಕ್ಕೇ ನಂಬದೆ ಅದರ ಜೊತೆಗೆ ಒಂದು ಆಕಾರವನ್ನೋ ಒಂದು ಮಾತನ್ನೋ ಸೇರಿಸಲಿ. ಮನೆಯಲ್ಲಿರುವ ಹಿರಿಯರ ಕೈಗೆ ಅದನ್ನು ಕೊಟ್ಟು, ಏನೂ ಹೇಳದೆ, ಅವರು ಓದುವುದನ್ನು ಕಾದುನಿಲ್ಲಲಿ. ಈ ನಾಲ್ಕು ಕೆಲಸಗಳಿಗೆ ಒಂದು ದಿನವೂ ಬೇಡ, ಹಣವೂ ಬೇಡ. ಎದುರಿನವನ ಕಣ್ಣು ತನ್ನದರಂತಿರಬೇಕಾಗಿಲ್ಲ ಎಂಬ ಎಚ್ಚರ ಒಂದು ಬೇಕು. ಹಿರಿಯರ ಗಾದೆಯಲ್ಲಿ ಪರರ ಇಚ್ಛೆಯ ಮಾತು ಮಾತ್ರವೇ ಇದೆ. ಪರರಿಗೆ ಕಾಣುವುದೇನು, ಕಾಣದಿರುವುದೇನು ಎಂಬುದನ್ನು ವಿಚಾರಿಸಿಕೊಳ್ಳುವ ಕೆಲಸವನ್ನು ನಮ್ಮ ಕಾಲ ಅದಕ್ಕೆ ಸೇರಿಸಿಕೊಳ್ಳಬೇಕಾಗಿದೆ.